ಬೆಳ್ಳಿ ಏರಿತು, ಅತ್ತೆ ಬಂದರು

ಮಾರ್ಚ್ 4. ಬೆಳ್ಳಿ ಗ್ರಾಂಗೆ 71.

ಯುದ್ಧ ಶುರುವಾಗಿದೆ. ಇಲ್ಲಲ್ಲ, ಎರಡು ದೇಶ ದಾಟಿ ಆಚೆ, ನಾನು ನಾಣ್ಯಗಳ ಮೇಲೆ ಮಾತ್ರ ಹೆಸರು ಓದಿರುವ ಜಾಗದಲ್ಲಿ. ನಮಗೂ ಅದಕ್ಕೂ ಏನೇನೂ ಸಂಬಂಧವಿಲ್ಲ ಅಂತ ಬೆಳಗ್ಗೆ ರೇಡಿಯೋದಲ್ಲಿ ಮಂತ್ರಿಗಳು ಹೇಳಿದರು. ಮಧ್ಯಾಹ್ನದೊಳಗೆ ಬೆಳ್ಳಿ ಒಂಬತ್ತು ಮೇಲೆ ಹೋಯಿತು, ಅದರ ಹಿಂದೆಯೇ ಬ್ರೆಡ್ಡೂ ಹೋಯಿತು. ಸಂಬಂಧವೇ ಇಲ್ಲದವರು ಇಷ್ಟು ಬೇಗ ಬಂದು ಬಾಗಿಲು ತಟ್ಟಿದ್ದನ್ನು ನಾನು ಎಲ್ಲೂ ನೋಡಿಲ್ಲ.

ಹೇಳಿಕೊಳ್ಳೋಕೆ ನಾಚಿಕೆ, ಆದರೆ ಈ ಪುಸ್ತಕ ಬೇರೆ ಯಾರೂ ಓದುವುದಿಲ್ಲ: ನನಗೆ ಖುಷಿಯಾಯಿತು. ಸೆಪ್ಟೆಂಬರ್ ಕೊನೆಗೆ ಅಂಗಡಿಯ ಕರಾರು ಮುಗಿಯುತ್ತದೆ. ಮಾಲೀಕ ಈ ಸಲ ಎರಡರಷ್ಟು ಮುಂಗಡ ಕೇಳಿದ್ದಾನೆ. ಇಲ್ಲದಿದ್ದರೆ ಫೋನಿನ ಕವಚ ಮಾರುವವನಿಗೆ ಕೊಡುತ್ತಾನಂತೆ. ಅಪ್ಪನದೂ ನನ್ನದೂ ಸೇರಿ ಅರವತ್ತೊಂದು ವರ್ಷ ನಾಣ್ಯ ಮಾರಿದ ಜಾಗದಲ್ಲಿ ರಬ್ಬರಿನ ಕವಚ. ಕೂಡಿಟ್ಟದ್ದು ಮುಂಗಡದ ಮುಕ್ಕಾಲು ಪಾಲಿಗೆ ಬರುತ್ತದೆ. ಬೆಳ್ಳಿ ಹೀಗೇ ಏರಿದರೆ ಉಳಿದ ಕಾಲು ಪಾಲೂ ಆದೀತು.

ಅಪ್ಪ ನನಗೆ ಬಿಟ್ಟುಹೋದದ್ದು ಎರಡು. ಒಂದು, ಕೌಂಟರಿನ ಮೇಲಿರುವ ಅಮೃತಶಿಲೆಯ ತುಂಡು. ಇನ್ನೊಂದು, ಕಿವಿ. ನಾಣ್ಯವನ್ನು ಒಂದು ಗೇಣು ಎತ್ತರದಿಂದ ಕಲ್ಲಿನ ಮೇಲೆ ಬಿಡಬೇಕು. ಬೆಳ್ಳಿಯಾದರೆ ಉದ್ದಕ್ಕೆ ಹಾಡುತ್ತದೆ, ಕಲಬೆರಕೆಯಾದರೆ ಟಪ್ ಅಂದು ಸುಮ್ಮನಾಗುತ್ತದೆ. ಈ ಅಂಗಡಿಸಾಲಿನಲ್ಲಿ ಎಲ್ಲರೂ ಅನ್ನುವುದು, ಇವರ ಕಿವಿ ಹೇಳಿದರೆ ಮುಗೀತು ಅಂತ. ನಾನೂ ಅದನ್ನೇ ಅನ್ನುತ್ತೇನೆ.

ಮಾರ್ಚ್ 9. ಬೆಳ್ಳಿ 76.

ಅತ್ತೆ ಬಂದರು. ಎರಡು ಟ್ರಂಕು, ಒಂದು ಮಡಚುವ ಕುರ್ಚಿ, ಒಂದು ಬಿಳಿ ಕೋಲು. ಊರಿಗೆ ನಿರಾಶ್ರಿತರು ಬರುತ್ತಾರೆಂಬ ಸುದ್ದಿಗೆ ಮನೆ ಮಾಲೀಕರೆಲ್ಲ ಬಾಯಿ ಅಗಲ ಮಾಡಿಕೊಂಡು ಕೂತಿದ್ದಾರೆ. ಅತ್ತೆಯ ಮನೆ ಬಾಡಿಗೆ ಒಂದೇ ಏಟಿಗೆ ಎರಡರಷ್ಟಾಯಿತು. "ಯುದ್ಧ ಮುಗಿಯೋವರೆಗೆ ಮಾತ್ರ, ಅಳಿಯಂದ್ರೇ," ಅಂದರು. "ಅದಾದ ಮೇಲೆ ಒಂದು ದಿನವೂ ಇರಲ್ಲ."

ಈಗ ನನ್ನ ಫಜೀತಿ ನೋಡಿ. ಯುದ್ಧ ಮುಂದುವರಿದರೆ ಬೆಳ್ಳಿ ಏರುತ್ತದೆ. ಮುಗಿದರೆ ಅತ್ತೆ ಹೋಗುತ್ತಾರೆ. ಯಾವುದನ್ನು ಬಯಸಬೇಕು ಅಂತ ಇಡೀ ದಿನ ಯೋಚನೆ ಮಾಡಿದೆ, ತೀರ್ಮಾನ ಆಗಲಿಲ್ಲ.

ಅವರಿಗೆ ಕಣ್ಣು ಬರೀ ನೆರಳು ಬೆಳಕಿಗೆ. ಕಿವಿ ಮಾತ್ರ ಭಯಂಕರ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತಿಗೆಲ್ಲ ತಂತಿ ಜೋಡಿಸಿದವರು. ಸಂಜೆ ನಾನು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಕೋಣೆಗೆ ಹೋಗುವವನಿದ್ದೆ. "ಬಾಗಿಲ ಹತ್ರ ನಿಂತು ನಿಟ್ಟುಸಿರು ಬಿಡೋದಕ್ಕಿಂತ ಒಳಗೆ ಬಂದು ಬಿಡಿ," ಅಂದರು. ನಮ್ಮ ರೇಡಿಯೋ ಹಳೆಯದು, ದನಿ ಇಳಿದುಹೋಗಿದೆ. ನಾನು ಒಂದು ಚೂರು ಏರಿಸಿದರೆ ಎರಡೂ ಕಿವಿಗೆ ಕೈ ಇಟ್ಟುಕೊಳ್ಳುತ್ತಾರೆ. ನಾಟಕ.

ಮಾರ್ಚ್ 28. ಬೆಳ್ಳಿ 84.

ಪೇಟೆ ತಲೆಕೆಳಗಾಗಿದೆ. ಮೂವತ್ತು ವರ್ಷದಿಂದ ನಾನು ಜನಕ್ಕೆ ಹೇಳುತ್ತ ಬಂದದ್ದು ಒಂದೇ: ನಾಣ್ಯದ ಬೆಲೆ ತೂಕದಲ್ಲಿಲ್ಲ, ಇಸವಿಯಲ್ಲಿದೆ, ಟಂಕಸಾಲೆಯ ಗುರುತಿನಲ್ಲಿದೆ, ಎಷ್ಟು ಸವೆದಿದೆ ಅನ್ನೋದರಲ್ಲಿದೆ. ಈಗ ಇಸವಿ ಕೇಳುವ ನರಪಿಳ್ಳೆಯಿಲ್ಲ. ತಕ್ಕಡಿ ಎಲ್ಲಿ ಅಂತಾರೆ. ಹೋದ ವರ್ಷ ಸಂಗ್ರಹಕಾರರು ಆರುನೂರು ಕೊಡುತ್ತಿದ್ದ ನಾಣ್ಯದೊಳಗಿನ ಬೆಳ್ಳಿಯೇ ಈಗ ಎಂಟುನೂರು ಬಾಳುತ್ತದೆ. ಹಾಗಾಗಿ ಕೊಳ್ಳುವವರು ಮಾಯ, ಮಾರುವವರ ಸಾಲು.

ಆ ಸಾಲಿನ ಅರ್ಧ ಎದುರಿನ ಮೂಸೆಯ ಅಂಗಡಿಗೆ ಹೋಗುತ್ತದೆ. ಮೂಸೆ ಅಂದರೆ ಬೆಳ್ಳಿ ಬಂಗಾರ ಕರಗಿಸುವವನು. ಹೆಸರು ನಾನಿಟ್ಟದ್ದು. ಇಸವಿ, ಗುರುತು, ರಾಜನ ಮೂಗು, ಒಂದನ್ನೂ ನೋಡದೆ ಬೆಂಕಿಗೆ ಹಾಕುತ್ತಾನೆ. ಹನ್ನೆರಡು ವರ್ಷದ ಹಿಂದೆ ಒಮ್ಮೆ ಅಪರೂಪದ ನಾಣ್ಯವೊಂದನ್ನು ನಾನು ಬೇಡ ಬೇಡ ಅನ್ನುತ್ತಿದ್ದ ಹಾಗೇ ಕರಗಿಸಿದ. ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ.

ನಿವೃತ್ತ ಪೋಸ್ಟ್‌ಮಾಸ್ಟರು ಬಂದಿದ್ದರು. ಇಪ್ಪತ್ತೆರಡು ವರ್ಷದಿಂದ ಪ್ರತಿ ಶುಕ್ರವಾರ ಬಂದು ಒಂದು ಸಣ್ಣ ತಾಮ್ರದ ಕಾಸು ಕೊಂಡುಹೋಗುವವರು. ಇವತ್ತು ಒಂದು ಗಂಟೆ ತಿರುಗಿಸಿ ತಿರುಗಿಸಿ ನೋಡಿ ಹಾಗೇ ಎದ್ದರು. "ನೋಡೋದಕ್ಕೇನೂ ಕೊಡಬೇಕಾಗಿಲ್ಲವಲ್ಲ," ಅಂದು ನಕ್ಕರು. ಅವರ ಪಿಂಚಣಿಯನ್ನು ಬ್ರೆಡ್ಡು ತಿನ್ನುತ್ತಿದೆ.

ಏಪ್ರಿಲ್ 15. ಬೆಳ್ಳಿ 93.

ಊರಲ್ಲಿ ಚಿಲ್ಲರೆ ಇಲ್ಲ. ಐದರ ನಾಣ್ಯದಲ್ಲಿರುವ ಲೋಹವೇ ಆರು ಬಾಳುತ್ತದೆ ಅಂತ ಯಾರೋ ಅಂದಿದ್ದೇ ತಡ, ಜನ ಡಬ್ಬಿಗಳಿಗೆ ತುಂಬಿಟ್ಟುಕೊಂಡರು. ಬಸ್ಸಿನವನು ಚೀಟಿ ಬರೆದು ಕೊಡುತ್ತಾನೆ. ಔಷಧಿ ಅಂಗಡಿಯವನು ಚಿಲ್ಲರೆಗೆ ಬದಲು ಗಂಟಲು ನೋವಿನ ಗುಳಿಗೆ ಕೊಡುತ್ತಾನೆ. ನಮ್ಮ ಮನೆಯಲ್ಲಿ ಈಗ ಇಡೀ ಬೀದಿಯ ಗಂಟಲಿಗೆ ಸಾಕಾಗುವಷ್ಟಿವೆ.

ಕಿರಾಣಿ ಅಂಗಡಿಯವರು ಬಂದು, "ನಿಮ್ಮ ಹತ್ರ ಹಳೇ ಚಿಲ್ಲರೆ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಇನ್ನೂ ನಡೆಯೋದನ್ನ ಆರಿಸಿ ಕೊಡಿ ಮಾರಾಯ್ರೇ," ಅಂತ ಗೋಗರೆದರು. ನೂರಕ್ಕೆ ನೂರಾಹದಿನೈದು ಕೊಟ್ಟು ಕೊಂಡುಹೋದರು. ದುಡ್ಡಿಗೆ ದುಡ್ಡನ್ನೇ ಮಾರಿ ಲಾಭ ಮಾಡಿದೆ. ಇನ್ನು ಯಾರಾದರೂ ನನ್ನನ್ನು ವ್ಯಾಪಾರ ಗೊತ್ತಿಲ್ಲದವನು ಅನ್ನಲಿ ನೋಡೋಣ.

ಮೇ 2. ಬೆಳ್ಳಿ 101.

ಅಂಗಡಿ ಬಾಗಿಲಿನ ಗಂಟೆ ಕೈಕೊಟ್ಟಿದೆ. ಗಿರಾಕಿಗಳು ಒಳಗೆ ಬಂದು ಕೌಂಟರಿನ ಮುಂದೆ ನಿಂತ ಮೇಲೆಯೇ ನನಗೆ ಗೊತ್ತಾಗುವುದು. ಎಣ್ಣೆ ಹಾಕಿದೆ, ಪ್ರಯೋಜನವಾಗಲಿಲ್ಲ.

ಯುದ್ಧ ಬಂದ ಮೇಲೆ ಜನರ ದನಿಯೂ ಇಳಿದುಹೋಗಿದೆ. ಎಲ್ಲರೂ ಪಿಸಪಿಸ. ಹೆದರಿಕೆಯೋ ಏನೋ ಪಾಪ. ಬೆಳಗ್ಗೆ ಕಿಟಕಿಯ ಹತ್ತಿರ ಕಿಚಕಿಚ ಅನ್ನುತ್ತಿದ್ದ ಗುಬ್ಬಿಗಳೂ ಈ ವರ್ಷ ಇಲ್ಲ. ಗುಬ್ಬಿಗಳಿಗೂ ಯುದ್ಧದ ಸುದ್ದಿ ಮುಟ್ಟಿದೆ ಅಂತ ಹೆಂಡತಿಗೆ ಹೇಳಿದೆ. ಅವಳು ಕಿಟಕಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

ಮೇ 12. ಬೆಳ್ಳಿ 107.

ನನ್ನ ನೆಮ್ಮದಿಗೆ ಕಲ್ಲು ಬಿತ್ತು. ಹೆಂಡತಿ ಕೆಲಸ ಮಾಡುವ ಹೊಲಿಗೆ ಕಾರ್ಖಾನೆಗೆ ಸೈನ್ಯದ ಅಂಗಿಗಳ ಆರ್ಡರ್ ಬಂದಿದೆ, ದಿನಕ್ಕೆ ಹನ್ನೊಂದು ಗಂಟೆ ದುಡಿತ. ಅಮ್ಮನನ್ನು ಮನೆಯಲ್ಲಿ ಒಬ್ಬರೇ ಬಿಡೋದು ಬೇಡ, ನಿಮ್ಮ ಜೊತೆ ಅಂಗಡಿಗೆ ಕರಕೊಂಡು ಹೋಗಿ ಅಂದಳು. ಅಂದಳು ಅಂದರೆ ಅಪ್ಪಣೆ ಕೊಡಿಸಿದಳು ಅಂತ ಅರ್ಥ.

ಈಗ ಅತ್ತೆ ತಮ್ಮ ಮಡಚುವ ಕುರ್ಚಿ ಹಾಕಿಕೊಂಡು ಕೌಂಟರಿನ ಪಕ್ಕ ಕೂರುತ್ತಾರೆ. ಮೊದಲನೆಯ ದಿನವೇ ನನ್ನ ಗೋಡೆ ಗಡಿಯಾರ ಕುಂಟುತ್ತಿದೆ ಅಂದರು, ಪಕ್ಕದ ಗಡಿಯಾರದ ಅಂಗಡಿಯವನು ಬಂದು ನೋಡಿ ಹೌದು ಅಂದ. ಬಾಗಿಲಿನ ಗಂಟೆ ಸರಿಯಾಗಿಯೇ ಇದೆ ಅಂತಲೂ ಅತ್ತೆ ಅಂದರು. ವಯಸ್ಸಾದವರು, ಎಲ್ಲಕ್ಕೂ ಹೂಂ ಅಂದುಬಿಡುವುದು.

ಮೇ 20. ಬೆಳ್ಳಿ 112.

ನಾಣ್ಯ ಬಿಟ್ಟಾಗಲೆಲ್ಲ ಅತ್ತೆಯ ತಲೆ ಒಂದು ಕಡೆಗೆ ವಾಲುತ್ತದೆ. "ಇದು ಯಾವುದು?" ಅಂತ ಕೇಳಿದರು. ಹೇಳಿದೆ. "ಮುಂಚಿನದಕ್ಕಿಂತ ದಪ್ಪ ದನಿ." ಹೌದು, ಅದರಲ್ಲಿ ತಾಮ್ರ ಜಾಸ್ತಿ. ಹೇಳಿಕೊಡದೆಯೇ ಹಿಡಿದುಬಿಟ್ಟರಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಸುಮ್ಮನೆ ಆಟಕ್ಕೆ ಹನ್ನೆರಡು ನಾಣ್ಯ ಬಿಟ್ಟೆ. ಹನ್ನೆರಡೂ ಯಾವ ಯಾವ ಜಾತಿ ಅಂತ ಬೇರೆ ಬೇರೆ ಮಾಡಿ ಹೇಳಿದರು. ನನಗೆ ಇವತ್ತು ಶೀತ, ಕಿವಿ ಕಟ್ಟಿತ್ತು.

ಜೂನ್ 3. ಬೆಳ್ಳಿ 118.

ಅಂಗಡಿ ಉಳಿಯಿತು ಅಂತಲೇ ಬರೆದುಬಿಡುತ್ತೇನೆ.

ಬೆಳಗ್ಗೆ ಕಪ್ಪು ಕೋಟಿನ ಸಭ್ಯಸ್ಥರೊಬ್ಬರು ಬಂದರು. ಯುದ್ಧದ ನಾಡಿನಿಂದ ಓಡಿಬಂದ ಕುಟುಂಬವೊಂದರ ಪರವಾಗಿ ಮುನ್ನೂರು ಬೆಳ್ಳಿ ನಾಣ್ಯ ತಂದಿದ್ದರು, ಬಿಸ್ಕತ್ತಿನ ಡಬ್ಬಿಯಲ್ಲಿ. ಪೇಟೆ ಬೆಲೆಗಿಂತ ಕಾಲು ಭಾಗ ಕಡಿಮೆಗೆ ಕೊಡುತ್ತೇವೆ, ಆದರೆ ಇವತ್ತೇ ಕೈಗೆ ದುಡ್ಡು ಬೇಕು ಅಂದರು. ಆ ಕುಟುಂಬದ ಮಕ್ಕಳ ವಿಷಯ ಹೇಳುವಾಗ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

ನಾನೇನು ಹಸುಗೂಸಲ್ಲ. ತೂಗಿದೆ, ತೂಕ ಸರಿ. ಅಳೆದೆ, ಅಳತೆ ಸರಿ. ಅಯಸ್ಕಾಂತಕ್ಕೆ ಅಂಟಲಿಲ್ಲ. ಆಮೇಲೆ ಅಲ್ಲಲ್ಲಿಂದ ಎತ್ತಿ ನಲವತ್ತನ್ನು ಕಲ್ಲಿನ ಮೇಲೆ ಬಿಟ್ಟೆ. ನಲವತ್ತಕ್ಕೂ ಒಂದೇ ದನಿ, ಕೂದಲಷ್ಟು ವ್ಯತ್ಯಾಸವಿಲ್ಲ.

ಅಷ್ಟರಲ್ಲಿ ಅತ್ತೆ ಕುರ್ಚಿಯಿಂದಲೇ, "ಅಳಿಯಂದ್ರೇ, ಈಗ ಬಿದ್ದದ್ದು ಅದಕ್ಕೆ ಮುಂಚಿನದರ ಹಾಗಿರಲಿಲ್ಲ," ಅಂದರು. ಗಿರಾಕಿಯ ಮುಂದೆ. ನನಗೆ ನಖಶಿಖಾಂತ ಉರಿಯಿತು. "ಅತ್ತೆ, ಇದು ಟೆಲಿಫೋನ್ ಎಕ್ಸ್‌ಚೇಂಜ್ ಅಲ್ಲ. ವ್ಯಾಪಾರದ ಮಧ್ಯೆ ಬಾಯಿ ಹಾಕಬೇಡಿ," ಅಂದೆ. ಅವರು ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತರು.

ಮುಂಗಡಕ್ಕೆ ಕೂಡಿಟ್ಟದ್ದನ್ನೆಲ್ಲ ಎಣಿಸಿ ಕೊಟ್ಟೆ. ಒಂದು ತಿಂಗಳು ಇಟ್ಟು ಮಾರಿದರೆ ಮುಂಗಡ ಪೂರ್ತಿಯಾಗಿ ಇನ್ನೂ ಮಿಗುತ್ತದೆ.

ಜೂನ್ 4. ಬೆಳ್ಳಿ 118.

ಅತ್ತೆ ಅಂಗಡಿಗೆ ಬರುವುದಿಲ್ಲವಂತೆ. ಮನೆಯಲ್ಲೇ ಇರುತ್ತಾರಂತೆ. ಒಳ್ಳೆಯದೇ ಆಯಿತು.

ಜೂನ್ 7. ಬೆಳ್ಳಿ 120.

ಇವತ್ತೂ ಬರಲಿಲ್ಲ. ಅಂಗಡಿ ಆರಾಮಾಗಿದೆ. ಸ್ವಲ್ಪ ಜಾಸ್ತಿಯೇ ಆರಾಮಾಗಿದೆ. ಮಧ್ಯಾಹ್ನ ಒಬ್ಬಾಕೆ ಬಂದು ನಿಂತು, ನಾನು ನೋಡಲಿಲ್ಲವೆಂದು ಸಿಟ್ಟು ಮಾಡಿಕೊಂಡು ಹೋದಳು ಅಂತ ಗಡಿಯಾರದವನು ಹೇಳಿದ.

ಜೂನ್ 19. ಬೆಳ್ಳಿ 124.

ಬೆಲೆ ಚೆನ್ನಾಗಿದೆ, ಕೊಳ್ಳುವ ಸಂಗ್ರಹಕಾರರಿಲ್ಲ. ಹಾಗಾಗಿ ಮಾನ ಬಿಟ್ಟು ಐವತ್ತು ನಾಣ್ಯ ತೆಗೆದುಕೊಂಡು ಮೂಸೆಯ ಅಂಗಡಿಗೆ ಹೋದೆ. ಎಲ್ಲ ಮಾಮೂಲಿ ಇಸವಿಗಳೇ, ಕರಗಿದರೆ ಅಳುವಂಥದ್ದೇನಿಲ್ಲ. ಅವನು ಎಣಿಸಿ ತೆಗೆದಿಟ್ಟುಕೊಂಡ.

ಒಂದು ಗಂಟೆ ಬಿಟ್ಟು ತಾನೇ ನನ್ನ ಅಂಗಡಿಗೆ ಬಂದ, ಕೈಯಲ್ಲೊಂದು ತಟ್ಟೆ. ಬಾಗಿಲು ಹಾಕಿ ಚಿಲಕ ಸರಿಸಿದ. ಏನೋ ಅಂದ. ಇವನೂ ಪಿಸುಗುಡುವವನೇ. ಗಟ್ಟಿಯಾಗಿ ಹೇಳಪ್ಪ ಅಂದೆ. ಮತ್ತೆ ಅಂದ. ಇನ್ನೂ ಗಟ್ಟಿಯಾಗಿ ಅಂದೆ. ಆಗ ಅವನು "ಸೀಸ ರೀ, ಸೀಸ" ಅಂತ ಕೂಗಿದ್ದು ಅಂಗಡಿಸಾಲಿಗೆಲ್ಲ ಕೇಳಿಸಿರಬೇಕು, ಗಡಿಯಾರದವನು ಗಾಜಿಗೆ ಮೂಗು ಒತ್ತಿ ನೋಡಿದ. ಪಾಪ, ಗುಟ್ಟಾಗಿರಲಿ ಅಂತಲೇ ಚಿಲಕ ಹಾಕಿದ್ದ.

ತಟ್ಟೆಯಲ್ಲಿ ಅರ್ಧಕ್ಕೆ ಕತ್ತರಿಸಿದ ನಾಣ್ಯಗಳು. ಒಳಗೆಲ್ಲ ಬೂದು ಬಣ್ಣ, ಮೇಲೆ ಬರೀ ಬೆಳ್ಳಿಯ ಲೇಪ. ಐವತ್ತರಲ್ಲಿ ಮೂವತ್ತೊಂದು ಹೀಗೆ. ಒಂದೊಂದನ್ನೇ ಎತ್ತಿ ಭೂತಗನ್ನಡಿಯ ಕೆಳಗಿಟ್ಟು ನೋಡಿದೆ.

"ಇದು ಸದ್ದಿಗೆ ಸಿಕ್ಕಿಬೀಳುತ್ತೆ," ಅಂದ ಮೂಸೆ. "ನಿಮ್ಮ ಕಿವಿಗೆ ಹೇಗೆ ತಪ್ಪಿಸಿಕೊಳ್ತು?" ಒಂದು ಒಳ್ಳೆಯದು, ಒಂದು ಸೀಸದ್ದು ಕಲ್ಲಿನ ಮೇಲೆ ಬಿಟ್ಟ. "ಬೇರೆ ಬೇರೆ ತಾನೆ?"

ಅಲ್ಲದೆ ಮತ್ತೆ ಅಂದೆ. ಎರಡೂ ಒಂದೇ ಥರ ಇದ್ದವು. ಕಲ್ಲಿಗೆ ವಯಸ್ಸಾಗಿದೆ, ಎಲ್ಲೋ ಒಳಗೆ ಬಿರುಕು ಬಿಟ್ಟಿರಬೇಕು.

ಜೂನ್ 20.

ಹೊಸ ಕಲ್ಲು ತಂದೆ. ದುಬಾರಿ. ಅದೂ ಹಾಳು ಕಲ್ಲೇ.

ಜೂನ್ 22.

ಭಾನುವಾರ. ಬೆಳಗ್ಗೆ ಅತ್ತೆ ಬಾಲ್ಕನಿಯಲ್ಲಿ ಕೂತಿದ್ದರು. ಉಳಿದ ಇನ್ನೂರೈವತ್ತು ನಾಣ್ಯಗಳ ಡಬ್ಬಿ ಹಿಡಿದುಕೊಂಡು ಹೋಗಿ ನಿಂತೆ. ಸ್ವಲ್ಪ ಕೇಳಿ ಹೇಳ್ತೀರಾ ಅಂದೆ.

"ನನಗೆ ಟೆಲಿಫೋನ್ ಬಿಟ್ಟು ಬೇರೇನೂ ಗೊತ್ತಿಲ್ಲ, ಅಳಿಯಂದ್ರೇ."

"ತಪ್ಪಾಯ್ತು ಅತ್ತೆ."

"ಯಾವುದು?"

"ಎಲ್ಲಾ."

"ಎಲ್ಲಾ ಅಂದ್ರೆ ಯಾವುದೂ ಅಲ್ಲ ಅಂತ. ಒಂದೊಂದಾಗಿ ಹೇಳಿ."

ಒಂದೊಂದಾಗಿ ಹೇಳಿದೆ. ಹೇಳುತ್ತಿದ್ದ ಹಾಗೆ ಪಟ್ಟಿ ಉದ್ದವಾಯಿತು. ಟೆಲಿಫೋನಿನ ಮಾತು, ರೇಡಿಯೋದ ನಾಟಕ ಅಂದದ್ದು, ಬಂದ ದಿನ ನಿಟ್ಟುಸಿರು ಬಿಟ್ಟದ್ದು. "ಸಾಕು," ಅಂದರು, "ನನಗೆ ಗೊತ್ತಿಲ್ಲದ್ದೂ ಹೊರಗೆ ಬರ್ತಿದೆ. ಕಲ್ಲು ತನ್ನಿ, ಹಳೇದು."

ಅಡುಗೆಮನೆಯ ಮೇಜಿನ ಸುತ್ತ ಕೂತೆವು. ನಾನು ಬಿಡುವುದು, ಅವರು ಹೂಂ ಅಥವಾ ಊಹೂಂ ಅನ್ನುವುದು, ಹೆಂಡತಿ ಎರಡು ಗುಡ್ಡೆ ಮಾಡುವುದು. ಹೂಂ ಬಂದದ್ದು ತೊಂಬತ್ತಾರು. ಊಹೂಂ ನೂರಾ ಐವತ್ತನಾಲ್ಕು. ಅವರು ಊಹೂಂ ಅಂದಾಗಲೆಲ್ಲ ನಾನು ಕಿವಿಯನ್ನು ಕಲ್ಲಿಗೆ ಹತ್ತಿರ ಹತ್ತಿರ ಒಯ್ಯುತ್ತಿದ್ದೆ. ಕೊನೆಗೆ ಕೆನ್ನೆ ಮೇಜಿಗೆ ತಾಗಿತು. ನನಗೆ ಎಲ್ಲವೂ ಒಂದೇ. ಎಲ್ಲವೂ ಟಪ್.

"ರೀ, ನಿಮಗೆ ಕೇಳಿಸ್ತಿಲ್ಲ ಅಲ್ವಾ," ಅಂದಳು ಹೆಂಡತಿ. "ಒಂದು ವರ್ಷದಿಂದ ನನಗೆ ಗೊತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದೀನಿ. ಹತ್ತು ಸಲ ಹೇಳಿದೀನಿ."

ನಗು ಬರಬೇಕಾಗಿತ್ತು, ಅಳು ಬಂತು. ಹೆಂಡತಿ, ಅತ್ತೆ ಇಬ್ಬರ ಮುಂದೆಯೂ ಅತ್ತುಬಿಟ್ಟೆ. ಅಪ್ಪ ಕೊಟ್ಟದ್ದು ಹೋಯಿತು, ಕೂಡಿಟ್ಟದ್ದು ಹೋಯಿತು, ಸೆಪ್ಟೆಂಬರಿಗೆ ಅಂಗಡಿಯೂ ಹೋಗುತ್ತದೆ. ಗುಬ್ಬಿಗಳು ಎಲ್ಲೂ ಹೋಗಿಲ್ಲವಂತೆ, ಕಿಟಕಿಯ ಹತ್ತಿರವೇ ಇವೆಯಂತೆ.

ಜುಲೈ 1.

ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಸಣ್ಣ ದನಿಗಳು ಹೋಗಿವೆ, ಇನ್ನು ಬರುವುದಿಲ್ಲ ಅಂದರು. ಯಂತ್ರ ಹಾಕಿಕೊಳ್ಳಬಹುದು, ಆದರೆ ಯುದ್ಧದಿಂದ ಹಡಗುಗಳು ನಿಂತು ಅದರ ಬೆಲೆ ಮೂರರಷ್ಟಾಗಿದೆ. ಬೆಲೆ ಕೇಳಿದೆ. ಅದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಅತ್ತೆ ಮತ್ತೆ ಅಂಗಡಿಗೆ ಬರುತ್ತಿದ್ದಾರೆ. ಯಾರಾದರೂ ಒಳಗೆ ಬಂದರೆ ಕೋಲಿನಿಂದ ನನ್ನ ಕಾಲಿಗೆ ಮೆಲ್ಲಗೆ ಮುಟ್ಟಿಸುತ್ತಾರೆ. ಕಾಲಿಗೆ ಎರಡು ಸಲ ಮುಟ್ಟಿಸಿದರೆ ಬಂದವನ ಉಸಿರು ಸರಿಯಿಲ್ಲ, ಹುಷಾರು ಅಂತ.

ಜುಲೈ 8.

ಇವತ್ತಿನದನ್ನು ಬರೆಯಲೇಬೇಕು.

ಪೋಸ್ಟ್‌ಮಾಸ್ಟರು ಬಂದರು. ಶುಕ್ರವಾರ ಅಲ್ಲ. ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಿವೃತ್ತಿಯಾದಾಗ ಬಂದ ಹಣವನ್ನು ಬ್ಯಾಂಕಿನಿಂದ ತೆಗೆದಿದ್ದೇನೆ ಅಂದರು. ನೋಟು ದಿನದಿನಕ್ಕೆ ಬಡವಾಗುತ್ತಿದೆ. ಎಲ್ಲರೂ ಬೆಳ್ಳಿಗೆ ಹಾಕುತ್ತಿದ್ದಾರೆ. "ಇನ್ನೂರು ಬೆಳ್ಳಿ ನಾಣ್ಯ ಕೊ‍ಡಿ. ನೀವು ಕೇಳಿ ನೋಡಿದ್ದಾದ್ರೆ ಸಾಕು, ಬೇರೆ ಪರೀಕ್ಷೆ ನನಗೆ ಬೇಡ."

ಕೌಂಟರಿನ ಕೆಳಗೆ ಎರಡು ಡಬ್ಬಿ. ಒಂದರಲ್ಲಿ ತೊಂಬತ್ತಾರು ಒಳ್ಳೆಯವು, ಇನ್ನೊಂದರಲ್ಲಿ ನೂರಾ ಐವತ್ತನಾಲ್ಕು ಸೀಸದವು. ಅವೆರಡನ್ನು ಬೆರೆಸಿ ಇನ್ನೂರು ಎಣಿಸಿ ಕೊಟ್ಟರೆ ಕಳೆದುಕೊಂಡದ್ದೆಲ್ಲ ಇವತ್ತೇ ವಾಪಸ್ಸು ಬರುತ್ತದೆ. ಅವರು ಅವನ್ನು ಬೀರುವಿನಲ್ಲಿಟ್ಟು ಹತ್ತು ವರ್ಷ ಮುಟ್ಟುವುದಿಲ್ಲ. ನನ್ನ ಕೈ ಎರಡನೆಯ ಡಬ್ಬಿಯವರೆಗೆ ಹೋಯಿತು. ಸುಳ್ಳು ಬರೆಯುವುದಿಲ್ಲ, ಹೋಯಿತು. ಮುಚ್ಚಳವನ್ನೂ ತೆಗೆದೆ. ಅತ್ತೆಗೆ ಯಾವ ಡಬ್ಬಿಯ ಮುಚ್ಚಳ ಅಂತ ಗೊತ್ತಾಗದೆ ಇರುತ್ತದೆಯೇ. ಅವರು ಕೋಲು ಅಲ್ಲಾಡಿಸಲಿಲ್ಲ, ಕೆಮ್ಮಲಿಲ್ಲ, ನನಗೇ ಬಿಟ್ಟರು.

ಪೋಸ್ಟ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಏನು ಮಾಡುತ್ತಿದ್ದೇನೆ ಅಂತ ನೋಡುವ ಯೋಚನೆಯೂ ಅವರಿಗಿರಲಿಲ್ಲ. ಅದು ನನಗೆ ಸಹಿಸಲಾಗಲಿಲ್ಲ.

"ನನಗೆ ಕಿವಿ ಕೇಳಿಸಲ್ಲ," ಅಂದೆ. ಎಷ್ಟು ಜೋರಾಗಿ ಅಂದೆನೋ, ಎದುರಿನ ಅಂಗಡಿಯಲ್ಲಿ ಮೂಸೆ ತಲೆ ಎತ್ತಿ ನೋಡಿದ. ಎಲ್ಲ ಹೇಳಿದೆ. ಕಪ್ಪು ಕೋಟು, ಸೀಸ, ಅತ್ತೆ ಹೇಳಿದ್ದು, ನಾನು ಗದರಿದ್ದು. ಆಮೇಲೆ ಇನ್ನೊಂದನ್ನೂ ಹೇಳಿದೆ, ವ್ಯಾಪಾರಿ ಯಾವತ್ತೂ ಹೇಳಬಾರದ್ದು: "ಇನ್ನೂರು ಬೇಡ ಸರ್. ಯುದ್ಧ ನಿಂತ ದಿನ ಬೆಳ್ಳಿ ದಡಕ್ಕನೆ ಬೀಳುತ್ತೆ. ಇಪ್ಪತ್ತು ತಗೊಳ್ಳಿ. ಉಳಿದದ್ದು ಬ್ಯಾಂಕಿಗೇ ಹಾಕಿ, ಊಟ ಮಾಡಿ."

ಅವರು ಕನ್ನಡಕ ಹಾಕಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ, "ಹಾಗಾದ್ರೆ ಇಪ್ಪತ್ತನ್ನ ನೀವು ಕೇಳಿ ಕೊಡಿ ಅಮ್ಮಾ," ಅಂದರು. ಹೋಗುವಾಗ ಬಾಗಿಲಲ್ಲಿ ನಿಂತು, ತಮ್ಮ ತಂಗಿಯ ಗಂಡನೂ ಒಬ್ಬ ಕಪ್ಪು ಕೋಟಿನವನ ಹತ್ತಿರ ಕೊಂಡಿದ್ದಾರೆ, ಅವರನ್ನು ನಾಳೆ ಕಳಿಸಲೇ ಅಂದರು.

ಜುಲೈ 21.

ಬರೆಯೋಕೆ ಪುರುಸೊತ್ತಿಲ್ಲ. ಕಪ್ಪು ಕೋಟಿನವನು ಇಡೀ ಊರಿಗೇ ಟೋಪಿ ಹಾಕಿದ್ದಾನೆ. ಬೆಳ್ಳಿ ಕೊಂಡವರೆಲ್ಲ ಗಾಬರಿಯಿಂದ ನಮ್ಮ ಅಂಗಡಿಗೆ. ನಾಣ್ಯಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ಅತ್ತೆ ಸದ್ದು ಕೇಳಿ ಹೇಳುತ್ತಾರೆ. ಹತ್ತರಿಂದ ಹನ್ನೆರಡೂವರೆ, ಮೂರರಿಂದ ಐದು, ಮಧ್ಯೆ ಚಹಾಕ್ಕೆ ಹದಿನೈದು ನಿಮಿಷ. ಎಕ್ಸ್‌ಚೇಂಜಿನ ಶಿಸ್ತು. ಸಾಲಿನಲ್ಲಿ ಮಾತಾಡಿದವರಿಗೆ "ಲೈನ್ ಬಿಡಿ" ಅನ್ನುತ್ತಾರೆ, ಪಾಪ ಎಲ್ಲರೂ ಬಿಡುತ್ತಾರೆ.

ಊಹೂಂ ಅನ್ನಬೇಕಾದಾಗ ಮಾತ್ರ ಅವರ ದನಿ ಮೆತ್ತಗಾಗುತ್ತದೆ, ತುಟಿ ನೋಡಿದರೆ ನನಗೂ ಗೊತ್ತಾಗುತ್ತದೆ. ಇವತ್ತು ಒಬ್ಬ ಹೆಂಗಸು ಮಗಳ ಓದಿಗೆಂದು ಕೊಂಡ ಅರವತ್ತು ತಂದಿದ್ದಳು. ಅರವತ್ತೂ ಸೀಸ. ಅತ್ತೆ ಅವಳ ಕೈ ಹಿಡಿದುಕೊಂಡು ಹದಿನೈದು ನಿಮಿಷ ಕೂತರು, ಚಹಾದ ಹೊತ್ತಲ್ಲದಿದ್ದರೂ. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಹೇಗಾದರೂ ಈ ಯುದ್ಧ ಒಮ್ಮೆ ಮುಗಿದರೆ ಸಾಕಪ್ಪ.

ಆಗಸ್ಟ್ 14.

ಮೂಸೆ ಬಂದು ಒಂದು ಪ್ರಸ್ತಾಪ ಇಟ್ಟ. ಅವನ ಬಾಡಿಗೆಯೂ ಏರಿದೆ. ಕುಲುಮೆಯನ್ನು ಹಿಂದಿನ ಓಣಿಗೆ ಸಾಗಿಸಿ, ಕೌಂಟರನ್ನು ನನ್ನ ಅಂಗಡಿಗೇ ತಂದರೆ ಮುಂಗಡ ಅರ್ಧ ಅರ್ಧ. ಅತ್ತೆಯ ಕಿವಿ ಅವನಿಗೂ ಬೇಕು, ಎಲ್ಲವನ್ನೂ ಕತ್ತರಿಸಿ ನೋಡುತ್ತ ಕೂರೋಕೆ ಆಗುವುದಿಲ್ಲವಂತೆ.

ನಾನು ಒಂದು ಷರತ್ತು ಹಾಕಿದೆ. ಕರಗಿಸುವುದಕ್ಕೆ ಮುಂಚೆ ಪ್ರತಿಯೊಂದು ನಾಣ್ಯವೂ ನನ್ನ ಭೂತಗನ್ನಡಿಯ ಕೆಳಗೆ ಬರಬೇಕು, ಅಪರೂಪದ್ದನ್ನು ತೂಕದ ಬೆಲೆಗೆ ನಾನು ಎತ್ತಿಟ್ಟುಕೊಳ್ಳಬೇಕು. "ಹನ್ನೆರಡು ವರ್ಷದ ಹಿಂದೆ ಹೀಗೆ ನೆಟ್ಟಗೆ ಹೇಳಿದ್ರೆ ಅವತ್ತೇ ಒಪ್ಪುತಿದ್ದೆ," ಅಂದ. "ನೀವು ಬರೀ ಕಿರುಚಿದ್ರಿ." ಅವತ್ತು ನನ್ನ ಕಿವಿ ಚೆನ್ನಾಗಿಯೇ ಇತ್ತು, ಹಾಗಾಗಿ ಅದರ ಮೇಲೆ ತಪ್ಪು ಹೊರಿಸುವಂತಿಲ್ಲ.

ಈಗ ಅವನು ತೂಗುತ್ತಾನೆ, ಅತ್ತೆ ಕೇಳುತ್ತಾರೆ, ನಾನು ನೋಡುತ್ತೇನೆ. ಮೂರು ಜನ ಸೇರಿ ಒಬ್ಬ ಪೂರ್ತಿ ವ್ಯಾಪಾರಿ.

ಸೆಪ್ಟೆಂಬರ್ 27.

ಕರಾರಿಗೆ ರುಜು ಬಿತ್ತು. ಐದು ವರ್ಷ. ಮಾಲೀಕ ಮುಂಗಡ ಎಣಿಸಿಕೊಂಡ ಮೇಲೂ ಎದ್ದು ಹೋಗದೆ ಹಲ್ಲು ಕಿರಿಯುತ್ತ ನಿಂತ. ಏನು ಅಂದರೆ, ಜೇಬಿನಿಂದ ಒಂದು ಗಂಟು ತೆಗೆದ, ಬೆಳ್ಳಿ. ಅತ್ತೆ "ಸಾಲಿನಲ್ಲಿ ಬನ್ನಿ" ಅಂದರು. ಬಂದ.

ಸೀಸದ ನೂರಾ ಐವತ್ತನಾಲ್ಕನ್ನು ಮೂಸೆ ಕರಗಿಸಿ ಮೂರು ಗಟ್ಟಿ ಮಾಡಿಕೊಟ್ಟ. ಬಾಗಿಲಿಗೆ ಅಡ್ಡ ಇಡೋಕೆ ಚೆನ್ನಾಗಿವೆ.

ಅಕ್ಟೋಬರ್ 11.

ಯುದ್ಧ ನಿಂತಿತು. ಬೆಳಗ್ಗೆ ಹನ್ನೊಂದು ಗಂಟೆಗೆ ಸಾಲಿನವರೆಲ್ಲ ಅಂಗಡಿ ಬಿಟ್ಟು ಹೊರಗೆ ಓಡಿದರು. ಏನಾಯಿತು ಅಂತ ನನಗೆ ತಿಳಿಯಲಿಲ್ಲ. ಅತ್ತೆ ನನ್ನ ಮೊಣಕೈ ಹಿಡಿದು ಹೊರಗೆ ಕರಕೊಂಡು ಹೋಗಿ, ನನ್ನ ಕಿವಿಯ ಹತ್ತಿರ ಬಾಯಿಟ್ಟು ಒಂದೊಂದಾಗಿ ಹೇಳಿದರು. ಬಸ್ಸುಗಳು ಹಾರ್ನ್ ಹೊಡೀತಿವೆ. ರೈಲು ಕೂಗ್ತಿದೆ. ಹೊಲಿಗೆ ಕಾರ್ಖಾನೆಯ ಸೈರನ್. ಯಾರೋ ತಟ್ಟೆ ಬಡೀತಿದ್ದಾರೆ. ನಾನು ಅವರಿಗೆ ಹೇಳಿದೆ: ಗಡಿಯಾರದವನು ಮೂಸೆಯನ್ನು ತಬ್ಬಿಕೊಂಡಿದ್ದಾನೆ, ಕಿರಾಣಿಯವರು ಹೆಜ್ಜೆ ಹಾಕುತ್ತಿದ್ದಾರೆ, ಹೆಜ್ಜೆ ಒಂದೂ ಸರಿಯಿಲ್ಲ. ಇಬ್ಬರೂ ನಕ್ಕೆವು. ಎಷ್ಟೋ ತಿಂಗಳಾಗಿತ್ತು ಹೀಗೆ ನಕ್ಕು.

ಅಕ್ಟೋಬರ್ 17.

ಮೂಸೆ ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದಾನೆ. ಬೆಳ್ಳಿ ಆರು ದಿನಕ್ಕೆ ಮೂರನೇ ಒಂದು ಪಾಲು ಬಿತ್ತಂತೆ. ಔಷಧಿ ಅಂಗಡಿಯವನು ನಿಜವಾದ ಚಿಲ್ಲರೆ ಕೊಟ್ಟ.

ಶುಕ್ರವಾರ. ಪೋಸ್ಟ್‌ಮಾಸ್ಟರು ಬಂದರು. ಬೆಳ್ಳಿಯ ವಿಷಯ ಎತ್ತಲಿಲ್ಲ. ಒಂದು ಗಂಟೆ ನೋಡಿ, ಒಂದು ತಾಮ್ರದ ಕಾಸು ಆರಿಸಿ, ಇದರ ಬೆಲೆ ಎಷ್ಟು ಅಂದರು. ಮಾರ್ಚ್ ಆದ ಮೇಲೆ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಇಸವಿ, ಗುರುತು, ಸವೆತ, ಎಲ್ಲ ಹೇಳಿದೆ. ಅರ್ಧ ಗಂಟೆ ಹೇಳಿದೆ. ಅವರೂ ಕೇಳಿದರು.

ಅಕ್ಟೋಬರ್ 20.

ಅತ್ತೆಯ ಹಳೆಯ ಮನೆಯ ಮಾಲೀಕ ಹೇಳಿಕಳಿಸಿದ್ದಾನೆ, ಬಾಡಿಗೆ ಮೊದಲಿನಷ್ಟೇ, ಯಾವಾಗ ಬರ್ತೀರಿ ಅಂತ. ಬೆಳಗ್ಗೆ ಎದ್ದು ನೋಡಿದರೆ ಎರಡೂ ಟ್ರಂಕು ಹಜಾರದಲ್ಲಿ. ಅತ್ತೆ ಕೋಲು ಹಿಡಿದು ಪಕ್ಕದಲ್ಲಿ ಕೂತಿದ್ದಾರೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ, ಈ ಸಲ ತಾನು ಹೇಳುವುದಿಲ್ಲ, ನಾನೇ ಹೇಳಬೇಕು ಅಂತ ಮುಖದಲ್ಲೇ ಬರೆದಿತ್ತು.

"ಎಲ್ಲಿಗೆ ಹೊರಟಿರಿ?" ಅಂದೆ.

"ಯುದ್ಧ ಮುಗಿಯೋವರೆಗೆ ಅಂದಿದ್ದೆನಲ್ಲ, ಅಳಿಯಂದ್ರೇ. ಬೆಳ್ಳಿ ಇಳಿದೋಯ್ತು, ಇನ್ನು ಖೋಟಾ ಮಾಡೋರಿಗೂ ಲಾಭ ಇಲ್ಲ. ಹಡಗು ಶುರುವಾಗಿದೆ, ಕಿವಿಯ ಯಂತ್ರ ಅಗ್ಗವಾಗುತ್ತೆ. ಒಂದು ಕೊಂಡ್ಕೊಳ್ಳಿ. ಆಮೇಲೆ ನಾನು ಯಾಕೆ ಬೇಕು?"

ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅಂಗಡಿಗೆ ಕರಾರಾಗಿದೆ, ಬೆಳ್ಳಿ ಕೇಳಿಸುವವರಿಲ್ಲ, ಯಂತ್ರ ಬರುತ್ತದೆ. ಏನು ಕಾರಣ ಹೇಳಲಿ ಅಂತ ಹುಡುಕಿದೆ, ಸಿಗಲಿಲ್ಲ.

"ಯಂತ್ರ ಬಂದರೂ ಇರಿ ಅತ್ತೆ. ಹೋಗಬೇಡಿ," ಅಂದೆ.

ನನಗೆ ನನ್ನ ದನಿಯ ಅಂದಾಜಿಲ್ಲ. ಕೆಳಗಿನ ಮನೆಯವರು ಬಾಗಿಲು ತೆಗೆದರು ಅಂತ ಹೆಂಡತಿ ಆಮೇಲೆ ಹೇಳಿದಳು. ಅತ್ತೆ ಕೈ ಎತ್ತಿದರು.

"ಕೂಗಬೇಡಿ. ನನ್ನ ಕಿವಿ ಚೆನ್ನಾಗಿದೆ. ಇಂಥ ಮಾತನ್ನ ಕೂಗಿ ಹೇಳಬಾರದು."

ಹತ್ತಿರ ಹೋಗಿ ಟ್ರಂಕಿನ ಮೇಲೆ ಕೂತೆ. ಅವರ ಕೈ ಹಿಡಿದುಕೊಂಡು ಇನ್ನೊಮ್ಮೆ ಹೇಳಿದೆ. ಎಷ್ಟು ಮೆಲ್ಲಗೆ ಹೇಳಿದೆ ಅಂದರೆ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.